1312 ಫೋಟೋ ಹೋಗಿ 1187 ಬಂದವು, ಜೊತೆಗೆ ಅಳಿಸಲಾಗದ ಒಂದು ಫೈಲ್

ಪರದೆಹಿಂದೆ:

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ. ನಮ್ಮದೊಂದು ಹವ್ಯಾಸಿ ನಾಟಕ ತಂಡ. ಮೇಕಪ್ ಪೆಟ್ಟಿಗೆ ಹೊರುವುದರಿಂದ ಹಿಡಿದು ಫೋಟೋ ಹಂಚುವವರೆಗೆ ಚಿಲ್ಲರೆ ಕೆಲಸವೆಲ್ಲ ನನ್ನ ತಲೆಗೇ. ಹಿಂದಿನ ನಾಟಕದ ಫೋಟೋಗಳನ್ನು ಗಿಂಪ್‌ನಲ್ಲಿ ಒಂದೊಂದಾಗಿ ತೆರೆದು, ಚಿಕ್ಕದು ಮಾಡಿ, ಮೂಲೆಯಲ್ಲಿ ತಂಡದ ಹೆಸರು ಅಂಟಿಸಿ ಕೊಟ್ಟೆ. ಅದಕ್ಕೆ ಹದಿಮೂರು ರಾತ್ರಿ ಹಿಡಿಯಿತು. ಈ ಸಲ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವ ಫೈಲ್) ಕಲಿತೇ ಮಾಡುತ್ತೇನೆ ಅಂತ ಹೊರಟು ಹೀಗೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೂರು ಫೋಲ್ಡರ್ ಇವೆ. ಮೊದಲ ಕ್ಯಾಮೆರಾದ್ದು 540, ಎರಡನೆಯದರದ್ದು 486, ಫೋನುಗಳಿಂದ ಬಂದದ್ದು 286. ಎಲ್ಲ ಜೆಪೆಗ್. ಲಿನಕ್ಸ್, ಕಮಾಂಡ್ ಓದುವ ಶೆಲ್ ಬ್ಯಾಶ್, ಕಮಾಂಡ್‌ನಿಂದಲೇ ಫೋಟೋ ತಿದ್ದುವ ಇಮೇಜ್‌ಮ್ಯಾಜಿಕ್ 6 (ಕನ್ವರ್ಟ್, ಮೊಗ್ರಿಫೈ ಅದರ ಕಮಾಂಡ್‌ಗಳು). ಫೋನ್‌ನಿಂದ ಬರೆಯುತ್ತಿದ್ದೇನೆ, ಕೀಬೋರ್ಡ್ ಕನ್ನಡದ್ದು. ಆದ್ದರಿಂದ ಕಮಾಂಡ್‌ಗಳೂ ಕನ್ನಡ ಅಕ್ಷರದಲ್ಲೇ ಬರುತ್ತವೆ, ಅಡ್ಜಸ್ಟ್ ಮಾಡಿಕೊಳ್ಳಿ.

ಮೊದಲು ಕ್ಯಾಮೆರಾ ಫೋಲ್ಡರ್‌ನಲ್ಲಿ ಕನ್ವರ್ಟ್ ಕಮಾಂಡ್‌ಗೆ ಎಲ್ಲ ಫೈಲ್ ಒಟ್ಟಿಗೆ ಕೊಟ್ಟೆ. ಲ್ಯಾಪ್‌ಟಾಪ್ ಕೈಕೊಟ್ಟಿತು. ಮೌಸ್ ಕೂಡ ಅಲುಗಾಡಲಿಲ್ಲ, ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು. ಆಮೇಲೆ ಎಲ್ಲೋ ಓದಿ ಮೊಗ್ರಿಫೈ ಹಿಡಿದೆ. ಫೋನಿನ ಫೋಲ್ಡರ್‌ನಲ್ಲಿ ನಾನು ಕೊಟ್ಟ ಸಾಲು ಇದು:

ಮೊಗ್ರಿಫೈ -ಪಾತ್ ../ಚಿಕ್ಕವು -ರೀಸೈಜ್ 1600×1600> -ಕ್ವಾಲಿಟಿ 82 *.ಜೆಪಿಜಿ

(ಗುಣಾಕಾರದ ಗುರುತು ಇರುವಲ್ಲಿ ಇಂಗ್ಲಿಷ್ ಎಕ್ಸ್ ಅಕ್ಷರ ಅಂತ ಓದಿಕೊಳ್ಳಿ.) 1600ಕ್ಕಿಂತ ದೊಡ್ಡದಿದ್ದರೆ ಮಾತ್ರ ಚಿಕ್ಕದು ಮಾಡು ಅನ್ನುವುದಕ್ಕೆ > ಗುರುತು ಹಾಕಬೇಕು ಅಂತ ಬರೆದಿತ್ತು. ಹಾಕಿದೆ. ಆದದ್ದು ಉಲ್ಟಾ. ಮೆಸೇಜ್‌ನಲ್ಲಿ ಬಂದಿದ್ದ 960 ಪಿಕ್ಸೆಲ್‌ನ ಫೋಟೋಗಳು ಹಿಗ್ಗಿ 1600 ಆದವು. ಒಳ್ಳೇ ಒದ್ದೆ ಗಾಜಿನಲ್ಲಿ ನೋಡಿದ ಹಾಗೆ ಕಾಣುತ್ತವೆ. '82' ಅನ್ನುವ ಫೈಲ್ ತೆರೆಯಲಾಗಲಿಲ್ಲ ಅಂತ ಒಂದು ಎರರ್. 82 ಅನ್ನುವ ಫೈಲ್ ನನ್ನ ಹತ್ತಿರ ಯಾವತ್ತೂ ಇರಲಿಲ್ಲ! ಫೋಲ್ಡರ್‌ನಲ್ಲಿ -ಕ್ವಾಲಿಟಿ ಅನ್ನುವ ಖಾಲಿ ಫೈಲ್ ಒಂದು ಹುಟ್ಟಿಕೊಂಡಿದೆ. ಅಳಿಸುವ ಕಮಾಂಡ್ ಆರ್‌ಎಂ ಕೊಟ್ಟರೆ ಅಳಿಸದೆ, ತಪ್ಪು ಆಪ್ಷನ್ ಅಂತ ನನಗೇ ಬೈಯುತ್ತದೆ.

ಕ್ಯಾಮೆರಾ ಫೋಲ್ಡರ್‌ಗಳಲ್ಲಿ ಅದೇ ಸಾಲು '*.ಜೆಪಿಜಿ ಸಿಗಲಿಲ್ಲ' ಅಂದಿತು. ಕ್ಯಾಮೆರಾ ಹೆಸರು ಕೊಡುವುದು ದೊಡ್ಡಕ್ಷರದಲ್ಲಿ ಅಂತ ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು. ಅದನ್ನು ಸರಿಮಾಡಿ ಮತ್ತೆ ಓಡಿಸಿದೆ. ಎಷ್ಟೋ ಫೋಟೋದಲ್ಲಿ ಮನೆಯ ಲೊಕೇಶನ್ ಇರುತ್ತದೆ ಅಂತ ಕೇಳಿದ್ದರಿಂದ ಈ ಸಲ ರೀಸೈಜ್‌ಗೂ ಮೊದಲು ಅಂಥ ಮಾಹಿತಿ ಕಿತ್ತುಹಾಕುವ -ಸ್ಟ್ರಿಪ್ ಸೇರಿಸಿದೆ. ಈಗ ನಿಲುವಾಗಿ ತೆಗೆದ ಫೋಟೋಗಳೆಲ್ಲ ಮಲಗಿವೆ. ನಮ್ಮ ರಾಜ ಸಿಂಹಾಸನದ ಸಮೇತ ಅಡ್ಡಬಿದ್ದಿದ್ದಾನೆ. ಸುಮಾರು 60 ಫೋಟೋದಲ್ಲಿ ಬಣ್ಣವೂ ಮಂಕು. ರಾಣಿಯ ಕೆಂಪು ಸೀರೆ ಇಟ್ಟಿಗೆ ಬಣ್ಣ ಆಗಿದೆ.

ಕೊನೆಗೆ 'ಚಿಕ್ಕವು' ಫೋಲ್ಡರ್ ಎಣಿಸಿದರೆ 1187 ಫೈಲ್. ಉಳಿದ 125 ಎಲ್ಲಿ ಹೋದವು? ಇವುಗಳ ಬಗ್ಗೆ ಎರರ್ ಕೂಡ ಬಂದಿಲ್ಲ.

ಕರ್ಸರ್‌ಮಿಣುಕು:

ಮೊದಲು ಸಮಾಧಾನದ ಮಾತು. -ಪಾತ್ ಹಾಕಿದ್ದೀರಲ್ಲ, ಅದು ನಿಮ್ಮನ್ನು ಉಳಿಸಿದೆ. ಮೊಗ್ರಿಫೈ ಹೇಳದೆ ಕೇಳದೆ ಮೂಲ ಫೈಲ್ ಮೇಲೇ ಬರೆಯುವ ಕಮಾಂಡ್. ನಾನು ಅದನ್ನು ಕಲಿತದ್ದು ಒಂದು ಪ್ರವಾಸದ ಅಷ್ಟೂ ಫೋಟೋ 800 ಪಿಕ್ಸೆಲ್ ಆದ ಮೇಲೆ. ಈಗಲೇ ಮೂರೂ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಡಿ, ಆಮೇಲೆ ಮುಂದೆ ಓದಿ.

ನಿಮ್ಮ ತೊಂದರೆಗಳಲ್ಲಿ ಅರ್ಧ ಇಮೇಜ್‌ಮ್ಯಾಜಿಕ್‌ನದ್ದಲ್ಲ. ನೀವು ಬರೆದ ಸಾಲನ್ನು ಮೊದಲು ಓದುವುದು ಶೆಲ್. ಅದು ಓದಿ, ತನಗೆ ಬೇಕಾದ್ದನ್ನು ತೆಗೆದುಕೊಂಡು, ಉಳಿದದ್ದನ್ನಷ್ಟೇ ಮೊಗ್ರಿಫೈಗೆ ಕೊಡುತ್ತದೆ. > ಗುರುತು ಶೆಲ್‌ಗೆ ಬೇಕಾದ್ದು. ಅದರ ಅರ್ಥ 'ಬರುವ ಔಟ್‌ಪುಟ್ಟನ್ನು ಮುಂದಿನ ಹೆಸರಿನ ಫೈಲ್‌ಗೆ ಬರೆ'. ನಿಮ್ಮ ಸಾಲಿನಲ್ಲಿ ಮುಂದಿನ ಹೆಸರು -ಕ್ವಾಲಿಟಿ. ಶೆಲ್ ಆ ಹೆಸರಿನ ಫೈಲ್ ಹುಟ್ಟಿಸಿತು. ಎರರ್ ಬಿಟ್ಟರೆ ಮೊಗ್ರಿಫೈ ಪರದೆಗೆ ಏನೂ ಬರೆಯದ್ದರಿಂದ, ಎರರ್ ಈ ದಾರಿಯಲ್ಲಿ ಹೋಗದ್ದರಿಂದ ಫೈಲ್ ಖಾಲಿ. ಹಿಂದೆ ಒಂಟಿಯಾಗಿ ಉಳಿದ 82 ಅನ್ನು ಮೊಗ್ರಿಫೈ ಫೋಟೋದ ಹೆಸರು ಅಂದುಕೊಂಡಿತು. > ಇಲ್ಲದ 1600 ಅಂದರೆ ಎಲ್ಲವನ್ನೂ 1600 ಮಾಡು ಅಂತ, ಹಾಗಾಗಿ ಚಿಕ್ಕವೂ ಹಿಗ್ಗಿದವು.

ಇದನ್ನು ಕಣ್ಣಾರೆ ನೋಡಬೇಕಾ? ಅದೇ ಸಾಲಿನ ಮುಂದೆ ಎಕೋ ಅಂತ ಸೇರಿಸಿ ಓಡಿಸಿ. ಸಾಮಾನ್ಯವಾಗಿ ಎಕೋ ಹಾಕಿದರೆ ಕಮಾಂಡ್ ಓಡುವುದಿಲ್ಲ, ಸಾಲು ಮಾತ್ರ ಪರದೆ ಮೇಲೆ ಬರುತ್ತದೆ. ಇಲ್ಲಿ ಏನೂ ಬರುವುದಿಲ್ಲ. ಬರಬೇಕಾದ ಸಾಲು ಪೂರ್ತಿ -ಕ್ವಾಲಿಟಿ ಫೈಲ್ ಒಳಗೆ ಕೂತಿರುತ್ತದೆ. ತೆರೆದು ಓದಿದರೆ ಅದರಲ್ಲಿ > ಗುರುತೂ ಇಲ್ಲ, -ಕ್ವಾಲಿಟಿ ಅನ್ನುವ ಪದವೂ ಇಲ್ಲ. ಮೊಗ್ರಿಫೈಗೆ ಸಿಕ್ಕಿದ್ದು ಅಷ್ಟೇ. ನನಗೆ ಶೆಲ್ ಅರ್ಥವಾದದ್ದು ಹೀಗೊಂದು ಫೈಲ್ ತೆರೆದು ನೋಡಿದ ದಿನ.

ಮದ್ದು ಚಿಕ್ಕದು. '1600×1600>' ಅಂತ ಒಂಟಿ ಕೋಟ್ ಒಳಗೆ ಇಡಿ, ಶೆಲ್ ಅದನ್ನು ಮುಟ್ಟುವುದಿಲ್ಲ. ಆ ಫೈಲ್ ಅಳಿಸಲು ಹೆಸರಿನ ಮುಂದೆ ./ ಸೇರಿಸಿ. ಆಗ ಹೆಸರು ಹೈಫನ್‌ನಿಂದ ಶುರುವಾಗುವುದಿಲ್ಲ, ಆರ್‌ಎಂ ಅದನ್ನು ಆಪ್ಷನ್ ಅಂದುಕೊಳ್ಳುವುದಿಲ್ಲ.

ದೊಡ್ಡಕ್ಷರದ ಕಥೆಯೂ ಇದೇ. *.ಜೆಪಿಜಿ ಅನ್ನು ಹೆಸರುಗಳ ಪಟ್ಟಿಯಾಗಿ ಬಿಡಿಸುವುದು ಶೆಲ್. ಹೊಂದುವ ಫೈಲ್ ಒಂದೂ ಇಲ್ಲದಿದ್ದರೆ ಬ್ಯಾಶ್ ಆ ನಕ್ಷತ್ರವನ್ನು ಇದ್ದ ಹಾಗೇ ದಾಟಿಸಿಬಿಡುತ್ತದೆ. ಸ್ಕ್ರಿಪ್ಟ್‌ನ ತಲೆಯಲ್ಲಿ ಶಾಪ್ಟ್ -ಎಸ್ ಜೊತೆ ನೋಕೇಸ್‌ಗ್ಲಾಬ್, ನಲ್‌ಗ್ಲಾಬ್ ಎರಡನ್ನೂ ಕೊಡಿ. ಅಕ್ಷರ ದೊಡ್ಡದೋ ಚಿಕ್ಕದೋ ಅನ್ನುವ ರಗಳೆ ಇರುವುದಿಲ್ಲ. ಏನೂ ಸಿಗದಿದ್ದರೆ ಲೂಪ್ (ಫೈಲ್‌ಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ಭಾಗ) ಸುಮ್ನೆ ಮುಗಿಯುತ್ತದೆ.

ಮಲಗಿದ ರಾಜನ ವಿಷಯ. ಕ್ಯಾಮೆರಾ ನಿಲುವು ಫೋಟೋವನ್ನು ನಿಜಕ್ಕೂ ತಿರುಗಿಸುವುದಿಲ್ಲ. ಪಿಕ್ಸೆಲ್‌ಗಳು ಅಡ್ಡಕ್ಕೇ ಇರುತ್ತವೆ. ಎಕ್ಸಿಫ್‌ನಲ್ಲಿ (ಫೋಟೋ ಫೈಲ್ ಒಳಗಿನ ಮಾಹಿತಿ ಚೀಟಿ) ಓರಿಯೆಂಟೇಶನ್ ಅಂತ 1ರಿಂದ 8ರವರೆಗಿನ ಒಂದು ಅಂಕಿ ಬರೆದಿಡುತ್ತದೆ. 6 ಅಂದರೆ ಬಲಕ್ಕೆ 90 ಡಿಗ್ರಿ ತಿರುಗಿಸಿ ತೋರಿಸು ಅಂತ. -ಸ್ಟ್ರಿಪ್ ಆ ಚೀಟಿಯನ್ನೇ ಹರಿದು ಎಸೆಯಿತು. ಮೊದಲು -ಆಟೋ-ಓರಿಯೆಂಟ್ ಹಾಕಿ ಪಿಕ್ಸೆಲ್ಲುಗಳನ್ನೇ ತಿರುಗಿಸಿ, ಸ್ಟ್ರಿಪ್ ಕೊನೆಗಿರಲಿ.

125 ಫೋಟೋ ಬಗ್ಗೆ ಒಂದು ಪ್ರಶ್ನೆ. ಎರಡೂ ಕ್ಯಾಮೆರಾ ಒಂದೇ ಕಂಪನಿಯದ್ದಾ? ಹೆಸರು ಎರಡರಲ್ಲೂ ಐಎಂಜಿ_ ಅಂತಲೇ ಶುರುವಾಗುತ್ತದಾ?

ಪರದೆಹಿಂದೆ:

ಹೌದು! ಎರಡರಲ್ಲೂ ಐಎಂಜಿ_ ಮತ್ತು ನಾಲ್ಕು ಅಂಕಿ. ಆಹಾ, ಒಂದರ ಮೇಲೊಂದು ಬರೆದುಕೊಂಡವಾ? ಮೊದಲ ಕ್ಯಾಮೆರಾದಲ್ಲಿ ನಡುವೆ ಕೆಲವು ಹೆಸರು ವಿಚಿತ್ರವಾಗಿವೆ. _ಎಂಜಿ_ ಅಂತ, ಮುಂದೆ ಅಡಿಗೆರೆ. ಸುಮಾರು 60 ಇರಬಹುದು. ಅಯ್ಯೋ, ಮಂಕಾದವೂ ಅಷ್ಟೇ ಅಲ್ವಾ?

ಮತ್ತೆ -ಕ್ವಾಲಿಟಿ ಫೈಲ್ ತೆರೆದು ನೋಡಿದೆ ಸರ್. ನೀವು ಹೇಳಿದ ಹಾಗೆಯೇ ಸಾಲು ಒಳಗೆ ಕೂತಿತ್ತು. ಒಬ್ಬಳೇ ಕೂತು ನಕ್ಕೆ.

ಕರ್ಸರ್‌ಮಿಣುಕು:

ಸರಿಯಾಗಿ ಹಿಡಿದಿರಿ ಮೇಡಂ. ಕ್ಯಾಮೆರಾಗಳು ಹೆಸರಿಡಲು ಒಪ್ಪಿಕೊಂಡಿರುವ ಡಿಸಿಎಫ್ ಅನ್ನುವ ನಿಯಮ ಇದೆ. ಅಡೋಬ್ ಆರ್‌ಜಿಬಿ ಬಣ್ಣದ ಮೋಡ್‌ನಲ್ಲಿ ತೆಗೆದರೆ ಹೆಸರು ಅಡಿಗೆರೆಯಿಂದ ಶುರುವಾಗಬೇಕು. ಯಾರೋ ಮಧ್ಯಂತರದಲ್ಲಿ ಮೆನು ತಡಕಾಡಿದ್ದಾರೆ. ಆ ಮೋಡ್‌ನ ಅಂಕಿಗಳನ್ನು ಮಾಮೂಲಿ ಎಸ್‌ಆರ್‌ಜಿಬಿ ಅಂತ ಓದಿದರೆ ಬಣ್ಣ ಸಪ್ಪೆಯಾಗುತ್ತದೆ. ಮೊದಲು ಬಣ್ಣ ಪರಿವರ್ತಿಸಿ ಆಮೇಲೆ ಸ್ಟ್ರಿಪ್ ಮಾಡಬೇಕು. ಒಂದು ತೊಡಕಿದೆ. ಎಷ್ಟೋ ಕ್ಯಾಮೆರಾಗಳು ಪ್ರೊಫೈಲನ್ನು (ಬಣ್ಣದ ಅಂಕಿಗಳನ್ನು ಹೇಗೆ ಓದಬೇಕು ಅನ್ನುವ ವಿವರ) ಫೈಲ್ ಒಳಗೆ ಇಡುವುದೇ ಇಲ್ಲ, ಎಕ್ಸಿಫ್‌ನಲ್ಲಿ ಗುರುತು ಮಾತ್ರ ಹಾಕುತ್ತವೆ. ಹಾಗಿದ್ದರೆ -ಪ್ರೊಫೈಲ್ ಎರಡು ಸಲ ಕೊಡಿ. ಮೊದಲನೆಯದಕ್ಕೆ ಅಡೋಬ್ ಆರ್‌ಜಿಬಿಯ ಐಸಿಸಿ ಫೈಲ್ (ಪ್ರೊಫೈಲ್ ಇರುವ ಫೈಲ್), ಎರಡನೆಯದಕ್ಕೆ ಎಸ್‌ಆರ್‌ಜಿಬಿಯದ್ದು. ಇದು ಇಂಥದ್ದು, ಅದನ್ನು ಅಂಥದ್ದು ಮಾಡು ಅಂದ ಹಾಗೆ. ಈ 60ನ್ನು ಬೇರೆ ಫೋಲ್ಡರ್‌ಗೆ ಎತ್ತಿಟ್ಟೇ ಮಾಡಿ.

ಹೆಸರಿನ ಡಿಕ್ಕಿ ತಪ್ಪಿಸಲು ಚಿಕ್ಕದು ಮಾಡುವ ಮೊದಲೇ ಕಾಪಿಗಳ ಹೆಸರು ಬದಲಾಯಿಸಿ. ಎಕ್ಸಿಫ್‌ಟೂಲ್ ಬಳಸಿ. ಫೋಟೋ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡನ್ನೇ ಹೆಸರು ಮಾಡುತ್ತದೆ. ಸಮಯದ ಕೊನೆಗೆ ಮೊದಲ ಕ್ಯಾಮೆರಾಕ್ಕೆ ಎ, ಎರಡನೆಯದಕ್ಕೆ ಬಿ ಸೇರಿಸಿ. ಒಂದೇ ಸೆಕೆಂಡಿನಲ್ಲಿ ಎರಡು ಮೂರು ಕ್ಲಿಕ್ ಆಗಿದ್ದರೆ ಹಿಂದೆ -1, -2 ಹಾಕುವ ವ್ಯವಸ್ಥೆಯೂ ಇದೆ, ಸಿ ಅನ್ನುವ ಕೋಡ್. ಮೆಸೇಜ್ ಆ್ಯಪ್‌ಗಳಲ್ಲಿ ಬಂದ ಫೋಟೋಗೆ ಸಾಮಾನ್ಯವಾಗಿ ಎಕ್ಸಿಫ್ ಇರುವುದಿಲ್ಲ. ಅವು ಹಳೇ ಹೆಸರಲ್ಲೇ ಉಳಿಯುತ್ತವೆ, ಬಿಟ್ಟುಬಿಡಿ.

ಹೆಸರು ಬದಲಾಯಿಸುವ ಮೊದಲು ಗಡಿಯಾರ ನೋಡಿ. ಎರಡು ಕ್ಯಾಮೆರಾಗಳ ಗಡಿಯಾರ ಹೊಂದಿದ್ದನ್ನು ನಾನಂತೂ ನೋಡಿಲ್ಲ. ಎರಡರಲ್ಲೂ ಸಿಕ್ಕಿರುವ ಒಂದೇ ಕ್ಷಣ ಹುಡುಕಿ. ನಾಟಕದಲ್ಲಿ ಅದು ಸುಲಭ, ಕೊನೆಗೆ ಎಲ್ಲರೂ ಬಗ್ಗಿ ನಮಸ್ಕರಿಸುತ್ತಾರಲ್ಲ. ಎರಡರ ಸಮಯ ಕಳೆದರೆ ವ್ಯತ್ಯಾಸ ಸಿಗುತ್ತದೆ. ಅದನ್ನು -ಆಲ್‌ಡೇಟ್ಸ್+= ಗೆ ಗಂಟೆ:ನಿಮಿಷ:ಸೆಕೆಂಡ್ ಆಗಿ ಕೊಡಿ. ಎಕ್ಸಿಫ್‌ಟೂಲ್ ಮೊಗ್ರಿಫೈ ಹಾಗಲ್ಲ, ಸಭ್ಯಸ್ಥ. ಬದಲಾಯಿಸುವ ಮುಂಚಿನ ಫೈಲನ್ನು _ಒರಿಜಿನಲ್ ಅಂತ ಪಕ್ಕದಲ್ಲೇ ಇಟ್ಟಿರುತ್ತದೆ.

ಲ್ಯಾಪ್‌ಟಾಪ್ ಹೆಪ್ಪುಗಟ್ಟಿದ್ದಕ್ಕೂ ಕಾರಣ ಹೇಳಿಬಿಡುತ್ತೇನೆ. ಕನ್ವರ್ಟ್ ತನಗೆ ಕೊಟ್ಟ ಅಷ್ಟೂ ಫೋಟೋವನ್ನು ಮೊದಲು ಮೆಮೊರಿಗೆ ಎಳೆದುಕೊಂಡು ಆಮೇಲೆ ಕೆಲಸ ಶುರುಮಾಡುತ್ತದೆ. ಮಾಮೂಲಿ 16 ಬಿಟ್ ಇಮೇಜ್‌ಮ್ಯಾಜಿಕ್ 6ರಲ್ಲಿ ಒಂದು ಪಿಕ್ಸೆಲ್‌ಗೆ 8 ಬೈಟ್. 24 ಮೆಗಾಪಿಕ್ಸೆಲ್‌ನ ಒಂದು ಫೋಟೋ ಬಿಚ್ಚಿಕೊಂಡರೆ 192 ಎಂಬಿ. ಅದನ್ನು 540ರಿಂದ ಗುಣಿಸಿ. ನೂರು ಜಿಬಿ ದಾಟುತ್ತದೆ. ಡಿಸ್ಕ್ ಮೇಲೆ 8 ಎಂಬಿ ಇರುವ ಜೆಪೆಗ್ ನೋಡಿ ನಾವು ಮೋಸಹೋಗುತ್ತೇವೆ. ಲೂಪ್ ಹಾಕಿ ಒಂದೊಂದಾಗಿ ಕೊಡಿ. ಲೂಪ್ ಒಳಗೆ ಫೈಲ್ ಹೆಸರಿನ ವೇರಿಯಬಲ್‌ಗೆ ಡಬಲ್ ಕೋಟ್ ಇರಲೇಬೇಕು. ಇಲ್ಲದಿದ್ದರೆ 'ಕೊನೆ ದೃಶ್ಯ 2' ಅನ್ನುವ ಒಂದು ಹೆಸರು ಮೂರು ತುಂಡಾಗುತ್ತದೆ. ಶೆಲ್‌ಚೆಕ್ ಅಂತ ಒಂದು ಟೂಲ್ ಇದೆ, ಬಿಟ್ಟುಹೋದ ಕೋಟ್‌ಗಳನ್ನು ಎತ್ತಿ ತೋರಿಸುತ್ತದೆ. ಸ್ಕ್ರಿಪ್ಟನ್ನು ಅದಕ್ಕೊಮ್ಮೆ ಕೊಟ್ಟು ನೋಡಿ.

ನೆರಳುಬೆಳಕು:

ಮೇಲಿನವರು ಶೆಲ್ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ರಂಗದ ಫೋಟೋ ತೆಗೆಯುವವನಾಗಿ ಒಂದೇ ಮಾತು ಹೇಳುತ್ತೇನೆ. ಇದೆಲ್ಲ ಸರಿಹೋದ ಮೇಲೆ ನಿಮಗೆ -ಆಟೋ-ಲೆವೆಲ್ ಅಥವಾ -ನಾರ್ಮಲೈಜ್ ಹಾಕುವ ಆಸೆ ಬರುತ್ತದೆ. ಬೇಡ.

ನಾನು ಒಮ್ಮೆ ಹಾಕಿದ್ದೆ. ಒಂದೇ ಲಾಂದ್ರದ ಬೆಳಕಿನ ದೃಶ್ಯ. ಉಳಿದದ್ದೆಲ್ಲ ಕತ್ತಲು, ಇರಬೇಕಾದದ್ದೇ ಹಾಗೆ. ಈ ಆಪ್ಷನ್‌ಗಳಿಗೆ ಅದು ಹೇಗೆ ಗೊತ್ತಾಗಬೇಕು? ಅವು ಪ್ರತಿ ಫೋಟೋದ ಅತಿ ಕಪ್ಪು, ಅತಿ ಬಿಳುಪನ್ನು ಹುಡುಕಿ ಎರಡು ತುದಿಗೂ ಎಳೆಯುತ್ತವೆ. ಲಾಂದ್ರ ಚೌಕಟ್ಟಿನಲ್ಲಿರುವ ಫೋಟೋ ಹಾಗೇ ಉಳಿಯಿತು. ಮುಂದಿನದರಲ್ಲಿ ಲಾಂದ್ರ ಚೌಕಟ್ಟಿನ ಹೊರಗೆ, ಆದ್ದರಿಂದ ಹಿಂದಿನ ಕಪ್ಪು ಪರದೆಯ ಮಡಿಕೆ, ಹೊಲಿಗೆ, ಪಕ್ಕದಲ್ಲಿ ಇಣುಕುತ್ತಿದ್ದವನ ಚಪ್ಪಲಿ ಎಲ್ಲ ಬೆಳಗಿದವು. ಎರಡು ಸೆಕೆಂಡ್ ಅಂತರದ ಎರಡು ಫೋಟೋ, ಒಂದು ರಾತ್ರಿ ಒಂದು ಹಗಲು.

ರಂಗದ ಮೇಲೆ ಬೆಳಕು ಬದಲಾಗುವುದು ದೃಶ್ಯಕ್ಕೊಮ್ಮೆ. ಹೆಸರಿನಲ್ಲಿ ಸಮಯ ಬಂದಿರುವುದರಿಂದ ದೃಶ್ಯ ದೃಶ್ಯಕ್ಕೆ ಫೋಲ್ಡರ್ ಮಾಡುವುದು ಕಷ್ಟವಲ್ಲ. ಪ್ರತಿ ಫೋಲ್ಡರ್‌ನಿಂದ ಒಂದು ಫೋಟೋ ಆರಿಸಿ ಕೈಯಲ್ಲಿ ಸರಿಮಾಡಿ ನೋಡಿ, ಬಂದ ಅಂಕಿಯನ್ನೇ ಆ ಫೋಲ್ಡರ್‌ಗೆಲ್ಲ ಕೊಡಿ. ಒಂದಕ್ಕೆ -ಗಾಮಾ 1.2 ಸಾಕು, ಇನ್ನೊಂದಕ್ಕೆ -ಲೆವೆಲ್ 0%,85% ಬೇಕಾಗಬಹುದು, ಲಾಂದ್ರದ್ದಕ್ಕೆ ಏನೂ ಬೇಡ. ಆಮೇಲೆ ಮೊಂಟಾಜ್ ಕಮಾಂಡ್‌ನಿಂದ ಫೋಲ್ಡರ್‌ನ ಎಲ್ಲ ಫೋಟೋವನ್ನೂ ಬೆರಳುಗುರಿನಷ್ಟು ಮಾಡಿ ಒಂದೇ ಹಾಳೆಗೆ ಹಾಕಿ ನೋಡಿ. ಎಡವಟ್ಟಾದದ್ದು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಒತ್ತಕ್ಷರ:

ತಂಡದ ಹೆಸರು ಕನ್ನಡದಲ್ಲಿ ಹಾಕುತ್ತೀರಾ? ಹಾಗಿದ್ದರೆ ಫೋಟೋ ಮೇಲೆ ಅಕ್ಷರ ಬರೆಯುವ -ಅನೋಟೇಟ್ ನೇರ ಬಳಸುವ ಮುನ್ನ ಕನ್ವರ್ಟ್ -ವರ್ಷನ್ ಕೊಟ್ಟು ಡೆಲಿಗೇಟ್ಸ್ (ನೆರವಿನ ಲೈಬ್ರರಿಗಳ) ಪಟ್ಟಿಯಲ್ಲಿ ರಾಕ್ಮ್ ಇದೆಯಾ ನೋಡಿ. ಇಲ್ಲದಿದ್ದರೆ ಅಕ್ಷರ ಕೂಡಿಸುವ ಕೆಲಸ ನಡೆಯುವುದಿಲ್ಲ. 'ಕಾರ್ಯ' ಅಂತ ಕೊಟ್ಟರೆ ಅರ್ಕಾವತ್ತು ಬರದೆ ರ, ಮೇಲೊಂದು ಅರ್ಧ ಗುರುತು, ಪಕ್ಕದಲ್ಲಿ ಯ ಅಂತ ಬಿಡಿಬಿಡಿಯಾಗಿ ನಿಲ್ಲುತ್ತದೆ. ಪ್ಯಾಂಗೋ ಅನ್ನುವ ಅಕ್ಷರ ಜೋಡಿಸುವ ಲೈಬ್ರರಿ ಮೂಲಕ ಬರೆಸಿದರೆ ಸರಿ ಬರುತ್ತದೆ.

ನಿಜ ಹೇಳಬೇಕೆಂದರೆ ಒಂದೇ ಹೆಸರನ್ನು 1312 ಸಲ ಬರೆಸುವುದೇ ದಂಡ. ಗಿಂಪ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ಚೆಂದವಾಗಿ ಬರೆದು ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿಡಿ. ಸ್ಕ್ರಿಪ್ಟ್‌ನಲ್ಲಿ -ಗ್ರಾವಿಟಿ ಸೌತ್‌ಈಸ್ಟ್, -ಜಿಯೋಮೆಟ್ರಿ +24+24, -ಕಾಂಪೊಸಿಟ್. ಇದು ರೀಸೈಜ್ ಆದ ಮೇಲೆ ಬರಬೇಕು. ಮೊದಲೇ ಅಂಟಿಸಿದರೆ ಹೆಸರೂ ಫೋಟೋ ಜೊತೆ ಕುಗ್ಗಿ, 24 ಮೆಗಾಪಿಕ್ಸೆಲ್‌ನದ್ದರಲ್ಲಿ ಇರುವೆಯಷ್ಟು, 960ರದ್ದರಲ್ಲಿ ಬೋರ್ಡಿನಷ್ಟು ಆಗುತ್ತದೆ.

ಪರದೆಹಿಂದೆ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಮೊದಲ ದಿನ ಪೂರ್ತಿ ಕಾಪಿ ಮಾಡುವುದರಲ್ಲೇ ಹೋಯಿತು.

ಕೊನೆಯ ನಮಸ್ಕಾರದ ಫೋಟೋ ಎರಡರಲ್ಲೂ ಸಿಕ್ಕಿತು. ಮೊದಲ ಕ್ಯಾಮೆರಾ 20:41:12 ಅನ್ನುತ್ತದೆ, ಎರಡನೆಯದು 20:34:10. ಏಳು ನಿಮಿಷ ಎರಡು ಸೆಕೆಂಡ್ ಹಿಂದೆ. ಅದು ಒಂದೇ ಕ್ಷಣ ಅಂತ ಹೇಗೆ ಗೊತ್ತಾಯಿತು ಅಂದರೆ, ಮಂತ್ರಿಯ ಪೇಟ ಬೀಳುತ್ತಿತ್ತು. ಎರಡು ಫೋಟೋದಲ್ಲೂ ಪೇಟ ಗಾಳಿಯಲ್ಲಿದೆ. 0:7:2 ಕೂಡಿಸಿ ಹೆಸರು ಬದಲಾಯಿಸಿದ ಮೇಲೆ ಎರಡೂ ಕ್ಯಾಮೆರಾದ ಫೋಟೋಗಳು ಒಂದೇ ಸಾಲಿನಲ್ಲಿ ಕಥೆ ಹೇಳುವ ಹಾಗೆ ಬಂದವು.

ಸ್ಕ್ರಿಪ್ಟ್ 19 ಸಾಲಿನದ್ದು. ಲೂಪ್ ಒಳಗಿನ ಕ್ರಮ: ಆಟೋ-ಓರಿಯೆಂಟ್, ಗಾಮಾ ಅಥವಾ ಲೆವೆಲ್, ಕೋಟ್ ಒಳಗಿನ ರೀಸೈಜ್, ಹೆಸರಿನ ಪಿಎನ್‌ಜಿ, ಸ್ಟ್ರಿಪ್, ಕ್ವಾಲಿಟಿ 82. ಮೊದಲು ಮುಂದೆ ಎಕೋ ಹಾಕಿ ಓಡಿಸಿದೆ. ಈ ಸಲ ಸಾಲುಗಳು ಪರದೆ ಮೇಲೇ ಬಂದವು. ಅವುಗಳಲ್ಲಿ > ಗುರುತು ಇದ್ದದ್ದು ನೋಡಿ ಎಷ್ಟು ಖುಷಿಯಾಯಿತು ಅಂತ ನಿಮಗೆ ಮಾತ್ರ ಅರ್ಥವಾಗುತ್ತದೆ. ಆಮೇಲೆ ಎಕೋ ತೆಗೆದು ಹತ್ತು ಫೋಟೋಗೆ, ಆಮೇಲೆ ಎಲ್ಲದಕ್ಕೂ.

ದೃಶ್ಯ ವಿಂಗಡಿಸಲು ಒಂದು ಸಂಜೆ ಕೂತೆ, ಒಟ್ಟು ಒಂಬತ್ತು ಫೋಲ್ಡರ್. ಮೊಂಟಾಜ್ ಹಾಳೆಯಲ್ಲಿ ಆರನೇ ದೃಶ್ಯ ಮಾತ್ರ ನೀಲಿಯಾಗಿ ಕಂಡಿತು. ತಪ್ಪಾಯಿತಾ ಅಂತ ಮೂಲ ತೆರೆದು ನೋಡಿದರೆ ಅದು ಬೆಳದಿಂಗಳ ದೃಶ್ಯ, ನೀಲಿಯೇ. ಬಿಟ್ಟೆ.

ಅಡಿಗೆರೆಯ ಫೋಟೋಗಳು ಎಣಿಸಿದಾಗ 58 ಇದ್ದವು. ಪ್ರೊಫೈಲ್ ಎರಡು ಸಲ ಕೊಟ್ಟ ಮೇಲೆ ಸೀರೆ ಕೆಂಪಾಯಿತು. ಮೆನು ತಡಕಾಡಿದ್ದು ಯಾರು ಅಂತ ತಂಡದ ಗುಂಪಿನಲ್ಲಿ ಕೇಳಿದೆ. ಯಾರೂ ಒಪ್ಪಿಕೊಂಡಿಲ್ಲ.

ಎಣಿಸಿದೆ. 1312.